ಕಪ್ಪು ಪರದೆಯ ಮೇಲೆ ಕೆಂಪು ಸಾಲು

ಸಿ ಭಾಷೆಯ ಲ್ಯಾಬ್‌ನಲ್ಲಿ ಕೂತ ಮೊದಲ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿ ಎಲ್ಲೋ ಒಂದು ಸೆಮಿಕೋಲನ್ ಬಿಟ್ಟಿರುತ್ತಾನೆ, ಇಲ್ಲವೇ ಕರ್ಲಿ ಬ್ರಾಕೆಟ್ ಮುಚ್ಚುವುದನ್ನು ಮರೆತಿರುತ್ತಾನೆ. ಕಂಪೈಲ್ ಮಾಡಿದ ಕೂಡಲೇ ಹತ್ತಿಪ್ಪತ್ತು ಸಾಲುಗಳು ಪರದೆಯ ಮೇಲೆ ಉರುಳಿ ಹೋಗುತ್ತವೆ. ಅವನ ಕಣ್ಣು ಕೊನೆಯ ಸಾಲಿನ ಮೇಲೆ ನಿಲ್ಲುತ್ತದೆ, ಕರ್ಸರ್ ಮಿನುಗುತ್ತಿರುವುದು ಅಲ್ಲೇ ತಾನೆ. ಆದರೆ ನಿಜವಾದ ತಪ್ಪನ್ನು ಹೇಳುವುದು ಸಾಮಾನ್ಯವಾಗಿ ಮೊದಲ ಸಂದೇಶ. ಒಂದು ಬ್ರಾಕೆಟ್ ತಪ್ಪಿದ ಮೇಲೆ ಕಂಪೈಲರ್‌ಗೆ ಮುಂದಿನದೆಲ್ಲ ಅಪಾರ್ಥವಾಗುತ್ತ ಹೋಗುತ್ತದೆ. ಆಮೇಲಿನ ಎರರ್‌ಗಳಲ್ಲಿ ಬಹುಪಾಲು ಆ ಒಂದರಿಂದಲೇ ಹುಟ್ಟಿದವು. ವಿದ್ಯಾರ್ಥಿ ಕೊನೆಯದನ್ನು ಸರಿಪಡಿಸಲು ಹೊರಟು, ಸರಿಯಾಗಿದ್ದ ಸಾಲನ್ನೂ ಕೆಡಿಸಿಬಿಡುತ್ತಾನೆ.

ಇಂಥ ಹೊತ್ತಿನಲ್ಲಿ ಪರದೆಯ ಅಕ್ಷರಗಳೆಲ್ಲ ಒಂದೇ ಬಣ್ಣದಲ್ಲಿವೆಯೇ, ಎರರ್ ಎಂಬ ಪದವಷ್ಟೇ ದಪ್ಪ ಕೆಂಪಿನಲ್ಲಿದೆಯೇ ಎಂಬುದು ಸಣ್ಣ ಸಂಗತಿಯಂತೆ ಕಾಣುತ್ತದೆ. ಎರಡು ಗಂಟೆಯ ಲ್ಯಾಬ್‌ನಲ್ಲಿ ಅರ್ಧ ಗಂಟೆ ಉಳಿಯುವುದೋ ಕಳೆಯುವುದೋ ತೀರ್ಮಾನವಾಗುವುದು ಬಹಳ ಸಲ ಇಲ್ಲೇ.

ದಾವಣಗೆರೆಗೆ ಇದು ದೂರದ ವಿಷಯವಲ್ಲ. 1951ರಲ್ಲಿ ಆರಂಭವಾದ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಘಟಕ ಕಾಲೇಜು. 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಬಂತು, ಈ ಶತಮಾನದ ಆರಂಭದಲ್ಲಿ ಜಿ.ಎಂ. ಸಂಸ್ಥೆಯ ಕಾಲೇಜು ಸೇರಿಕೊಂಡಿತು. ಹತ್ತಿ ಮಿಲ್ಲುಗಳಿಂದ ಹೆಸರಾಗಿದ್ದ ಊರು ಮಿಲ್ಲುಗಳು ಒಂದೊಂದಾಗಿ ಮುಚ್ಚಿದ ಮೇಲೆ ಕಾಲೇಜುಗಳ ಊರಾಯಿತು. ಜಗಳೂರು, ಹೊನ್ನಾಳಿ, ಚನ್ನಗಿರಿ, ಹರಪನಹಳ್ಳಿ ಕಡೆಯ ಮಕ್ಕಳು ಇಲ್ಲಿಗೆ ಓದಲು ಬರುತ್ತಾರೆ; ಅವರಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲೇ ಕಲಿತವರೂ ಇದ್ದಾರೆ. ಕಾಲೇಜಿನ ಲ್ಯಾಬ್ ಆಗಲಿ, ಸರಸ್ವತಿ ನಗರದ ಬಾಡಿಗೆ ಕೋಣೆಯ ಹಳೆಯ ಲ್ಯಾಪ್‌ಟಾಪ್ ಆಗಲಿ, ಟರ್ಮಿನಲ್ ಎಂಬ ಈ ಕಪ್ಪು ಪರದೆ ಅವರೊಂದಿಗೆ ಮಾತಾಡುವುದು ಇಂಗ್ಲಿಷಿನಲ್ಲಿ, ಅದೂ ಇಂಗ್ಲಿಷ್ ಬಲ್ಲವರಿಗೂ ತಡವರಿಸುವಂಥ ಒಡೆದ ಇಂಗ್ಲಿಷಿನಲ್ಲಿ. ಅಲ್ಲಿ ಬಣ್ಣ ಮಾಡಬಹುದಾದ ಸಹಾಯ ಒಂದೇ: ಎಲ್ಲಿ ನೋಡಬೇಕು ಎಂದು ತೋರಿಸುವುದು. ಏನಾಗಿದೆ ಎಂದು ತಿಳಿಸುವುದು ಅದರಿಂದಾಗದು. ಈ ಎರಡು ಕೆಲಸಗಳನ್ನು ಬೆರೆಸಿಕೊಂಡ ಕಡೆಯಲ್ಲೆಲ್ಲ ಬಣ್ಣ ಹಾಕುವ ಪ್ರಯತ್ನ ಸೋತಿದೆ. ಬೇರೆಯಾಗಿ ಇಟ್ಟ ಕಡೆ ಗೆದ್ದಿದೆ.

ಹಿಂದಿನ ತಲೆಮಾರಿನ ವಿದ್ಯಾರ್ಥಿಗಳಿಗೆ ಈ ತೊಂದರೆ ಕಡಿಮೆ ಇತ್ತು ಎಂಬುದು ವಿಚಿತ್ರವಾದರೂ ನಿಜ. ಭಾರತದ ಕಾಲೇಜುಗಳಲ್ಲಿ ವರ್ಷಗಟ್ಟಲೆ ಮೆರೆದ ಟರ್ಬೊ ಸಿ ನೀಲಿ ಪರದೆಯ ತಂತ್ರಾಂಶ. ಅದರಲ್ಲಿ ಎರರ್‌ಗಳಿಗೆ ಕೆಳಗೆ ಪ್ರತ್ಯೇಕ ಕಿಟಕಿ ಇತ್ತು. ಅಲ್ಲಿನ ಒಂದು ಎರರ್ ಮೇಲೆ ಎಂಟರ್ ಒತ್ತಿದರೆ ಕರ್ಸರ್ ಪ್ರೋಗ್ರಾಮಿನ ಆ ಸಾಲಿಗೇ ಹೋಗಿ ನಿಲ್ಲುತ್ತಿತ್ತು. ಬಣ್ಣದ ಆಟವನ್ನೂ ಆ ತಲೆಮಾರು ಅಲ್ಲೇ ಕಲಿತದ್ದು. ಟೆಕ್ಸ್ಟ್‌ಕಲರ್ ಎಂಬ ಫಂಕ್ಷನ್‌ಗೆ 4 ಕೊಟ್ಟರೆ ಕೆಂಪು, ಅದಕ್ಕೆ 128 ಕೂಡಿಸಿದರೆ ಮಿನುಗುವ ಕೆಂಪು. ಆದರೆ ಮಾಮೂಲಿ ಪ್ರಿಂಟ್‌ಎಫ್ ಆ ಬಣ್ಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ, ಸಿಪ್ರಿಂಟ್‌ಎಫ್ ಬಳಸಬೇಕಿತ್ತು. ಬಣ್ಣ ಬರಲಿಲ್ಲವೆಂದು ತಲೆ ಕೆರೆದುಕೊಂಡ ಎಷ್ಟೋ ಮಂದಿ ಇಂದು ಬೆಂಗಳೂರಿನ ಕಂಪನಿಗಳಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ. ಮುಂದೆ ಲ್ಯಾಬ್‌ಗಳು ಲಿನಕ್ಸ್‌ಗೂ ಜಿಸಿಸಿ ಕಂಪೈಲರ್‌ಗೂ ಬದಲಾದವು. ಬದಲಾವಣೆ ಸರಿಯಾದದ್ದೇ. ಆದರೆ ಎರರ್‌ಗೆಂದೇ ಇದ್ದ ಕಿಟಕಿ ಹೋಯಿತು, ಎಲ್ಲವೂ ಒಂದೇ ಕಪ್ಪು ಪರದೆಯಲ್ಲಿ ಒಂದರ ಕೆಳಗೊಂದು ಬೀಳತೊಡಗಿದವು.

ಕಂಪ್ಯೂಟರಿನ ಮಾತಿಗೆ ಎರಡು ಬಣ್ಣ ಕೊಡುವ ಯೋಚನೆ ಪರದೆಗಿಂತಲೂ ಹಳೆಯದು. ಟೈಪಿಂಗ್ ಕಲಿತವರಿಗೆ ಅರ್ಧ ಕಪ್ಪು ಅರ್ಧ ಕೆಂಪು ರಿಬ್ಬನ್ ಗೊತ್ತು. 1960ರ ದಶಕದಲ್ಲಿ ಕಂಪ್ಯೂಟರಿನ ಉತ್ತರಗಳು ಟೈಪ್‌ರೈಟರ್‌ನಂಥ ಯಂತ್ರಗಳಲ್ಲಿ ಕಾಗದದ ಮೇಲೆ ಮೂಡುತ್ತಿದ್ದಾಗ, ಅವುಗಳಲ್ಲಿ ಕೆಲವಕ್ಕೂ ಇಂಥದೇ ರಿಬ್ಬನ್ ಇತ್ತು. ಒಂದು ಸಂಕೇತ ಕಳಿಸಿದರೆ ರಿಬ್ಬನ್ ಕೆಂಪಿಗೆ ಏರುತ್ತಿತ್ತು, ಇನ್ನೊಂದಕ್ಕೆ ಕಪ್ಪಿಗೆ ಇಳಿಯುತ್ತಿತ್ತು. ಪರದೆಗಳು ಬಂದಾಗ ಒಂದೊಂದು ಕಂಪನಿಯ ಟರ್ಮಿನಲ್‌ಗೂ ಬೇರೆ ಬೇರೆ ಸಂಕೇತಗಳು ಹುಟ್ಟಿಕೊಂಡವು. ಆ ಗೊಂದಲಕ್ಕೆ ಯುರೋಪಿನ ಎಕ್ಮಾ ಸಂಸ್ಥೆ 1976ರಲ್ಲಿ 48ನೇ ಸಂಖ್ಯೆಯ ಮಾನದಂಡ ತಂದಿತು, 1979ರಲ್ಲಿ ಅಮೆರಿಕದ ಆನ್ಸಿ ಮಾನದಂಡ ಬಂತು. ಈ ನಡುವೆ 1978ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿ ಹೊರತಂದ ವಿಟಿ100 ಟರ್ಮಿನಲ್ ಇದೇ ಬಗೆಯ ಸಂಕೇತಗಳನ್ನು ಮನೆಮಾತಾಗಿಸಿತು. ಅದರ ಪರದೆ ಏಕವರ್ಣದ್ದು. ದಪ್ಪ ಅಕ್ಷರ, ಅಡಿಗೆರೆ, ಮಿನುಗು, ತಿರುವುಮುರುವು ಇವಷ್ಟೇ ಅದಕ್ಕೆ ಸಾಧ್ಯವಿದ್ದದ್ದು.

ಇಂದಿಗೂ ಟರ್ಮಿನಲ್‌ಗಳು ನಡೆಯುತ್ತಿರುವುದು ಆ ಸಂಕೇತಗಳ ಮೇಲೆಯೇ. ಎಸ್ಕೇಪ್ ಅಕ್ಷರ, ಅಂದರೆ ಆಸ್ಕಿ ಪಟ್ಟಿಯ 27ನೇ ಸಂಖ್ಯೆ. ಅದರ ಹಿಂದೆಯೇ ಚೌಕ ಬ್ರಾಕೆಟ್, ಒಂದು ಅಂಕಿ, ಕೊನೆಗೆ ಸಣ್ಣ ಎಂ. ಅಂಕಿ 31 ಆದರೆ ಕೆಂಪು, 32 ಹಸಿರು, 33 ಹಳದಿ, 0 ಆದರೆ ಮೊದಲಿನಂತೆ. ಒಟ್ಟು ಎಂಟು ಬಣ್ಣಗಳು 30ರಿಂದ 37ರವರೆಗೆ, ಅವುಗಳ ಹೊಳಪಿನ ರೂಪಗಳು 90ರಿಂದ 97ರವರೆಗೆ. ಮುಂದೆ 256 ಬಣ್ಣಗಳೂ, ಆಮೇಲೆ ಲಕ್ಷಗಟ್ಟಲೆ ಬಣ್ಣಗಳೂ ಬಂದವು, ಆದರೆ ಎರರ್ ತೋರಿಸಲು ಮೊದಲ ಎಂಟೇ ಸಾಕಾಗುತ್ತವೆ. ಮರೆಯಬಾರದ ಸಂಗತಿ ಒಂದಿದೆ. ಬಣ್ಣವೂ ಅಕ್ಷರಗಳ ಜೊತೆಯಲ್ಲೇ, ಅಕ್ಷರಗಳಾಗಿಯೇ ಹರಿದುಬರುತ್ತದೆ. ಓದುವ ಯಂತ್ರಕ್ಕೆ ಅದು ಅರ್ಥವಾದರೆ ಬಣ್ಣ, ಆಗದಿದ್ದರೆ ಕಸ.

ಹಾಗಾದರೆ ಯಾವುದು ಎರರ್, ಯಾವುದು ಮಾಮೂಲಿ ಉತ್ತರ ಎಂದು ಟರ್ಮಿನಲ್‌ಗೆ ಗೊತ್ತಾಗುವುದು ಹೇಗೆ? ಇದಕ್ಕೆ ಯುನಿಕ್ಸ್‌ನಲ್ಲಿ ಒಂದು ವ್ಯವಸ್ಥೆ ಇದೆ, ಅದು ಹುಟ್ಟಿದ ಕಥೆಯೂ ಸ್ವಾರಸ್ಯಕರ. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನವರು ತಮ್ಮ ಬರಹಗಳನ್ನು ಫೋಟೋ ಕಾಗದದ ಮೇಲೆ ಅಕ್ಷರ ಮೂಡಿಸುವ ಯಂತ್ರಕ್ಕೆ ಕಳಿಸುತ್ತಿದ್ದರು. ಕಾಗದವನ್ನು ರಾಸಾಯನಿಕದಲ್ಲಿ ತೊಳೆದು ಹೊರತೆಗೆದಾಗ ಲೇಖನದ ಬದಲು ಅದರ ಮೇಲೆ ಚಂದದ ಅಕ್ಷರಗಳಲ್ಲಿ ಎರರ್ ಸಂದೇಶ ಅಚ್ಚಾಗಿರುತ್ತಿತ್ತು. ಫೈಲ್ ತೆರೆಯಲಾಗಲಿಲ್ಲ ಎಂಬ ಮಾತು ಪರದೆಗೆ ಬರದೆ ಲೇಖನ ಹೋಗುವ ದಾರಿಯಲ್ಲೇ ಹೋಗಿತ್ತು. ಹೀಗೆ ಕೆಲವು ಬಾರಿ ಕಾಗದ ಹಾಳಾದ ಮೇಲೆ ಎರರ್‌ಗಳಿಗೆಂದೇ ಬೇರೆ ಕಾಲುವೆ ತೋಡಲಾಯಿತು. 1ನೇ ಸಂಖ್ಯೆಯದು ಉತ್ತರಗಳಿಗೆ, 2ನೇ ಸಂಖ್ಯೆಯದು ಎರರ್‌ಗಳಿಗೆ. ಮೊದಲನೆಯದನ್ನು ಫೈಲ್‌ಗೆ ತಿರುಗಿಸಿದರೂ ಎರಡನೆಯದು ಪರದೆಯ ಮೇಲೇ ಕಾಣುತ್ತದೆ.

ಎರಡನ್ನೂ ತಿರುಗಿಸದೆ ಬಿಟ್ಟಾಗ ಮಾತ್ರ ಎರಡೂ ಒಂದೇ ಪರದೆಗೆ ಬಂದು ಬೆರೆಯುತ್ತವೆ. ಎರಡನೇ ಕಾಲುವೆಯಲ್ಲಿ ಬಂದದ್ದನ್ನೆಲ್ಲ ಕೆಂಪು ಮಾಡಿಬಿಡೋಣ ಎಂಬ ಯೋಚನೆ ಇಲ್ಲಿಂದ ಹೊರಟಿದ್ದು. ಕಮಾಂಡ್‌ಗಳನ್ನು ಓದಿ ನಡೆಸುವ ಬ್ಯಾಶ್ ಎಂಬ ಶೆಲ್‌ನಲ್ಲಿ ಒಂದು ಸಾಲು ಬರೆದು ಎರರ್ ಕಾಲುವೆಯನ್ನು ಬೇರೆ ಪ್ರೋಗ್ರಾಮಿನ ಮೂಲಕ ಹಾಯಿಸಿ, ಪ್ರತಿ ಸಾಲಿನ ಹಿಂದೆ ಮುಂದೆ ಬಣ್ಣದ ಸಂಕೇತ ಅಂಟಿಸಬಹುದು. ಪ್ರತಿ ಪ್ರೋಗ್ರಾಮಿನ ಒಳಗೇ ನುಸುಳಿ, ಅದು 2ನೇ ಕಾಲುವೆಗೆ ಬರೆಯುವಾಗಲೆಲ್ಲ ಕೆಂಪು ಹಚ್ಚುವ ಪುಟ್ಟ ಲೈಬ್ರರಿಗಳೂ ಇವೆ. ಕೇಳಲು ಸೊಗಸು, ಬಳಸಲು ಕಷ್ಟ. ಮೊದಲ ವಿಧಾನದಲ್ಲಿ ಎರಡು ಕಾಲುವೆಗಳ ವೇಗ ಬೇರೆಯಾಗಿ ಸಾಲುಗಳ ಕ್ರಮ ತಪ್ಪುತ್ತದೆ. ಎರರ್ ಬಂದದ್ದು ಯಾವ ಕೆಲಸದ ನಂತರ ಎಂಬುದೇ ತಿಳಿಯದು. ಅದಕ್ಕಿಂತ ದೊಡ್ಡ ತೊಡಕೆಂದರೆ, 2ನೇ ಕಾಲುವೆಯಲ್ಲಿ ಬರುವುದೆಲ್ಲ ಎರರ್ ಆಗಿರುವುದಿಲ್ಲ. ಗಿಟ್ ಎಂಬ ಪ್ರೋಗ್ರಾಮು ಒಂದು ಪ್ರಾಜೆಕ್ಟನ್ನು ಇಳಿಸಿಕೊಳ್ಳುವಾಗ ಶೇಕಡಾವಾರು ಪ್ರಗತಿ ತೋರಿಸುವುದು ಇದೇ ಕಾಲುವೆಯಲ್ಲಿ. ಫೈಲ್ ಇಳಿಸುವ ಕರ್ಲ್, ವಿಗೆಟ್‌ಗಳ ಪ್ರಗತಿಯ ಪಟ್ಟಿಯೂ ಹಾಗೆಯೇ. ಎಲ್ಲವನ್ನೂ ಕೆಂಪು ಮಾಡಿದರೆ ಸುಸೂತ್ರವಾಗಿ ನಡೆದ ಕೆಲಸವೂ ಅಪಾಯದಂತೆ ಕಾಣುತ್ತದೆ. ಕಾಲುವೆಗೇ ಬಣ್ಣ ಹಾಕುವ ಈ ಹಾದಿ ಜಾಣತನದ್ದಾದರೂ ದಿನಬಳಕೆಗೆ ಹೊಂದುವುದಿಲ್ಲ. ಯಾವುದು ಎರರ್ ಎಂದು ಸರಿಯಾಗಿ ಗೊತ್ತಿರುವುದು ಸಂದೇಶ ಬರೆಯುವ ಪ್ರೋಗ್ರಾಮಿಗೆ ಮಾತ್ರ.

ಆ ಹೊಣೆಯನ್ನು ಕಂಪೈಲರ್‌ಗಳು ಹೊತ್ತುಕೊಂಡದ್ದು ತಡವಾಗಿ. ಜಿಸಿಸಿಯ ಹೊರಗೆ ಪರ್ಲ್ ಭಾಷೆಯ ಒಂದು ಹೊದಿಕೆಯನ್ನು ಸುತ್ತಿ ಬಣ್ಣ ಪಡೆಯುವ ಉಪಾಯ ಬಹಳ ಕಾಲ ಚಾಲ್ತಿಯಲ್ಲಿತ್ತು. ಕ್ಲ್ಯಾಂಗ್ ಎಂಬ ಹೊಸ ಕಂಪೈಲರ್ ಮೊದಲಿನಿಂದಲೂ ಬಣ್ಣ, ತಪ್ಪಿದ ಜಾಗಕ್ಕೆ ಬಾಣದ ಗುರುತು, ಹೀಗಿರಬೇಕಿತ್ತೇ ಎಂಬ ಸಲಹೆ ಎಲ್ಲವನ್ನೂ ಕೊಟ್ಟು ಪೈಪೋಟಿ ಒಡ್ಡಿತು. 2014ರ ಏಪ್ರಿಲ್‌ನಲ್ಲಿ ಬಂದ ಜಿಸಿಸಿ 4.9ರಲ್ಲಿ ಕೊನೆಗೂ ಬಣ್ಣ ಸೇರಿತು, ಅದೂ ಮೊದಮೊದಲು ಬಳಕೆದಾರರೇ ಆನ್ ಮಾಡಿಕೊಂಡರೆ ಮಾತ್ರ. ಅದರ ಆಯ್ಕೆಗಳಲ್ಲಿ ವಿವೇಕವಿದೆ. ಎರರ್ ಎಂಬ ಪದಕ್ಕೆ ದಪ್ಪ ಕೆಂಪು, ವಾರ್ನಿಂಗ್‌ಗೆ ದಪ್ಪ ನೇರಳೆ, ಟಿಪ್ಪಣಿಗೆ ಆಕಾಶನೀಲಿ. ಫೈಲಿನ ಹೆಸರು ಮತ್ತು ಸಾಲಿನ ಸಂಖ್ಯೆ ಬಣ್ಣವಿಲ್ಲದೆ ದಪ್ಪವಾಗಿ ಮಾತ್ರ. ವಾಕ್ಯ ಮಾಮೂಲಿ ಬಣ್ಣದಲ್ಲೇ ಉಳಿಯುತ್ತದೆ. ಇಡೀ ಸಂದೇಶ ಕೆಂಪಾಗಿದ್ದರೆ ಓದುವುದೇ ತ್ರಾಸ; ಒಂದೇ ಪದ ಕೆಂಪಾಗಿದ್ದರೆ ಕಣ್ಣು ಅಲ್ಲಿ ತಂಗಿ ಮುಂದಕ್ಕೆ ಓದುತ್ತದೆ.

ರಸ್ಟ್ ಭಾಷೆಯ ಕಂಪೈಲರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2016ರಲ್ಲಿ ಅದರ ಎರರ್‌ಗಳಿಗೆ ಹೊಸ ರೂಪ ಬಂತು: ತಪ್ಪಿರುವ ಸಾಲನ್ನೇ ಎತ್ತಿ ತೋರಿಸಿ, ಮುಖ್ಯ ದೋಷದ ಕೆಳಗೆ ಕೆಂಪು ಗೆರೆ, ಅದಕ್ಕೆ ಕಾರಣವಾದ ಜಾಗದ ಕೆಳಗೆ ನೀಲಿ ಗೆರೆ, ಗೆರೆಯ ಪಕ್ಕದಲ್ಲೇ ವಿವರಣೆ. ಇದಕ್ಕೆ ಪ್ರೇರಣೆಗಳಲ್ಲಿ ಒಂದು ಎಲ್ಮ್ ಎಂಬ ಸಣ್ಣ ಭಾಷೆ. ಎರರ್ ಸಂದೇಶವೆಂದರೆ ಕಲಿಯುವವನ ಜೊತೆಗಿನ ಮಾತುಕತೆ ಎಂದು ಅದು 2015ರಲ್ಲೇ ತೋರಿಸಿಕೊಟ್ಟಿತ್ತು.

ಲ್ಯಾಬ್‌ಗಳ ಮಟ್ಟಿಗೆ ಇತ್ತೀಚಿನ ದೊಡ್ಡ ಬದಲಾವಣೆ ಪೈಥಾನ್‌ನದು. 2022ರ 3.11ನೇ ಆವೃತ್ತಿ ಸಾಲಿನೊಳಗೆ ತಪ್ಪಿದ ಭಾಗವನ್ನೇ ಗುರುತು ಮಾಡತೊಡಗಿತು. 2024ರ ಅಕ್ಟೋಬರ್‌ನಲ್ಲಿ ಬಂದ 3.13, ಯಾರೂ ಕೇಳದೆಯೇ ಎರರ್‌ಗಳಿಗೆ ಬಣ್ಣ ಹಾಕುತ್ತದೆ. ಇದು ಅಲಂಕಾರಕ್ಕೆಂದು ಬಂದದ್ದೆಂದು ಎಣಿಸಬಾರದು. ಸಿ ಭಾಷೆಯಲ್ಲಿ ಮೊದಲ ಎರರ್ ಮುಖ್ಯವಾದರೆ, ಪೈಥಾನ್ ನಡೆದ ಕ್ರಮವನ್ನೆಲ್ಲ ಹೇಳಿ ದೋಷದ ಹೆಸರನ್ನು ಕೊನೆಯ ಸಾಲಿಗೆ ಇಡುತ್ತದೆ. ಬೆಳಿಗ್ಗೆ ಸಿ, ಮಧ್ಯಾಹ್ನ ಪೈಥಾನ್ ಕಲಿಯುವ ವಿದ್ಯಾರ್ಥಿ ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ ನೋಡಬೇಕು. ಇದನ್ನು ಬಾಯಲ್ಲಿ ಎಷ್ಟು ಸಲ ಹೇಳಿದರೂ ಮರೆಯುತ್ತದೆ, ಬಣ್ಣ ಮಾತ್ರ ಪ್ರತಿ ಸಲವೂ ನೆನಪಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಜನ ಎರರ್ ಓದುತ್ತಾರೆಯೇ? 2017ರಲ್ಲಿ ಟೈಟಸ್ ಬಾರಿಕ್ ಮತ್ತು ಸಂಗಡಿಗರು ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 56 ಮಂದಿಯ ಕಣ್ಣಿನ ಚಲನೆಯನ್ನು ಯಂತ್ರದಿಂದ ದಾಖಲಿಸಿ ಇದನ್ನೇ ಪರೀಕ್ಷಿಸಿದರು. ಓದುತ್ತಾರೆ ಎಂಬುದು ಉತ್ತರ: ನೋಟಗಳಲ್ಲಿ ಶೇ 13ರಿಂದ 25ರಷ್ಟು ಎರರ್ ಸಂದೇಶಗಳ ಮೇಲೇ ಬಿದ್ದಿತ್ತು. ಓದುವ ಕಷ್ಟ ಮಾತ್ರ ಪ್ರೋಗ್ರಾಮನ್ನೇ ಓದುವಷ್ಟಿತ್ತು. ತಾಯ್ನುಡಿಯಲ್ಲದ ಭಾಷೆಯಲ್ಲಿ ಓದುವ ದಾವಣಗೆರೆಯ ಹುಡುಗಿಗೆ ಈ ಹೊರೆ ಎಷ್ಟೆಂದು ಊಹಿಸಿಕೊಳ್ಳಬಹುದು. ಬಣ್ಣ ಅವಳನ್ನು ಸರಿಯಾದ ಸಾಲಿಗೆ ತಲುಪಿಸಿದರೂ ಅರ್ಧ ದಾರಿಯಷ್ಟೇ ಮುಗಿದಿರುತ್ತದೆ.

ಆ ಅರ್ಧ ದಾರಿಯಲ್ಲೂ ಒಂದು ಗುಂಡಿ ಇದೆ, ಅದು ಕೆಂಪಿನದೇ. ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ಅಂತರವನ್ನು ಅಳೆಯಲು ಜಾಲತಾಣಗಳ ಮಾನದಂಡದಲ್ಲಿ ಒಂದು ಸೂತ್ರವಿದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1 ಇರಬೇಕೆಂದು ಅದು ಹೇಳುತ್ತದೆ. ಕಪ್ಪಿನ ಮೇಲೆ ಶುದ್ಧ ಕೆಂಪಿಗೆ 5.25 ಸಿಗುತ್ತದೆ, ಪಾಸು. ಆದರೆ ಟರ್ಮಿನಲ್‌ನ 31ನೇ ಸಂಖ್ಯೆಯ ಕೆಂಪು ಶುದ್ಧ ಕೆಂಪಲ್ಲ. ಹಳೆಯ ವಿಜಿಎ ಪರದೆಯ ಕೆಂಪಿಗೆ ಸುಮಾರು 2.7, ವಿಂಡೋಸ್‌ನ ಹಳೆಯ ಕಮಾಂಡ್ ಕಿಟಕಿಯ ಕಡುಗೆಂಪಿಗೆ 1.9 ಅಷ್ಟೇ. ಅದೇ ಕಿಟಕಿಯ ನೀಲಿಗೆ 1.3, ಅದು ಕಾಣುವುದೇ ಇಲ್ಲವೆಂದರೂ ನಡೆಯುತ್ತದೆ. ಎದ್ದು ಕಾಣಲೆಂದು ಕೆಂಪು ಮಾಡಿದ ಸಾಲು ಉಳಿದ ಬಿಳಿ ಸಾಲುಗಳಿಗಿಂತ ಮಂಕಾಗಿ ಹಿಂದೆ ಸರಿಯುತ್ತಿತ್ತು. 2017ರಲ್ಲಿ ಮೈಕ್ರೊಸಾಫ್ಟ್ ಆ ಇಪ್ಪತ್ತು ವರ್ಷ ಹಳೆಯ ಬಣ್ಣಗಳನ್ನು ಬದಲಿಸಿತು. ರಸ್ಟ್ ತಂಡ ವಿಂಡೋಸ್‌ನಲ್ಲಿ ನೀಲಿಯ ಬದಲು ಆಕಾಶನೀಲಿ ಬಳಸುವುದೂ ಇದೇ ಕಾರಣಕ್ಕೆ.

ಬಿಳಿ ಹಿನ್ನೆಲೆಯಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಬಿಳಿಯ ಮೇಲೆ ಶುದ್ಧ ಹಳದಿಗೆ 1.07, ವಾರ್ನಿಂಗ್‌ಗೆ ಹಳದಿ ಆರಿಸಿದ ಎಷ್ಟೋ ಪ್ರೋಗ್ರಾಮುಗಳ ವಾರ್ನಿಂಗ್ ಅಲ್ಲಿ ಮಾಯವಾಗುತ್ತದೆ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಕಿಟಕಿ ತೆರೆದಿರುವ ತರಗತಿ, ಮಂಕು ಪ್ರೊಜೆಕ್ಟರ್, ಕೊನೆಯ ಬೆಂಚು ಇವನ್ನೂ ಸೇರಿಸಿಕೊಂಡರೆ ಎದ್ದು ಕಾಣುವುದು ಬಣ್ಣಕ್ಕಿಂತ ಹೊಳಪು ಮತ್ತು ದಪ್ಪ ಎಂಬುದು ಸ್ಪಷ್ಟವಾಗುತ್ತದೆ. ಜಿಸಿಸಿ ಕೆಂಪಿನ ಜೊತೆಗೆ ದಪ್ಪವನ್ನೂ ಇಟ್ಟಿರುವುದು ಎಷ್ಟೋ ಟರ್ಮಿನಲ್‌ಗಳಲ್ಲಿ ಅದನ್ನು ಉಳಿಸಿದೆ.

ಇನ್ನು ಕಣ್ಣಿನ ಪ್ರಶ್ನೆ. ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯದು. ಹೆಂಗಸರಲ್ಲಿ ಇದು ಬಹಳ ಅಪರೂಪ, ಕಾರಣ ಈ ದೋಷದ ಜೀನ್‌ಗಳು ಎಕ್ಸ್ ವರ್ಣತಂತುವಿನಲ್ಲಿವೆ. ಭಾರತದಲ್ಲಿ ಪ್ರಮಾಣ ಇದಕ್ಕಿಂತ ಕಡಿಮೆ, ಆದರೂ 60 ಮಂದಿಯ ತರಗತಿಯಲ್ಲಿ ಒಬ್ಬಿಬ್ಬರು ಇರುವ ಸಾಧ್ಯತೆ ಇದ್ದೇ ಇದೆ, ಎಷ್ಟೋ ಸಲ ಅವರಿಗೇ ಅದು ಗೊತ್ತಿರುವುದಿಲ್ಲ. ಇವರಲ್ಲಿ ಒಂದು ಗುಂಪಿಗೆ ಕೆಂಪು ಬೆಳಕೇ ತೀರಾ ಮಂಕಾಗಿ ಕಾಣುತ್ತದೆ. ಕಪ್ಪು ಪರದೆಯ ಮೇಲಿನ ಕಡುಗೆಂಪು ಎರರ್ ಅಂಥವರ ಪಾಲಿಗೆ ಎದ್ದು ಕಾಣುವುದಿರಲಿ, ಇದ್ದೂ ಇಲ್ಲದಂತೆ.

ರೈಲ್ವೆಯವರು ಈ ಪಾಠವನ್ನು ಒಂದೂವರೆ ಶತಮಾನದ ಹಿಂದೆಯೇ ಕಲಿತಿದ್ದಾರೆ. 1875ರಲ್ಲಿ ಸ್ವೀಡನ್ನಿನ ಲಾಗರ್‌ಲುಂಡಾ ಬಳಿ ರೈಲುಗಳು ಡಿಕ್ಕಿಯಾದ ನಂತರ ಹೋಲ್ಮ್‌ಗ್ರೆನ್ ಎಂಬ ಶರೀರಶಾಸ್ತ್ರಜ್ಞ ಬಣ್ಣದ ಉಣ್ಣೆಯ ಎಳೆಗಳನ್ನು ಆರಿಸಲು ಹೇಳಿ ರೈಲ್ವೆ ಸಿಬ್ಬಂದಿಯ ಕಣ್ಣು ಪರೀಕ್ಷಿಸತೊಡಗಿದ. ಚುಕ್ಕಿಗಳ ನಡುವೆ ಅಂಕಿ ಅಡಗಿಸಿದ ಇಶಿಹಾರಾ ಪುಸ್ತಕ 1917ರದು. ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿ ದಾವಣಗೆರೆ, ಹರಿಹರ ದಾಟಿ ಹೋಗುವ ರೈಲಿನ ಲೋಕೊ ಪೈಲಟ್‌ಗೂ ಕಠಿಣ ಬಣ್ಣದೃಷ್ಟಿ ಪರೀಕ್ಷೆ ಇದೆ. ಅಷ್ಟಾದರೂ ರೈಲ್ವೆ ಬಣ್ಣವೊಂದನ್ನೇ ನಂಬಿಲ್ಲ. ಮೂರು ದೀಪಗಳ ಕಂಬದಲ್ಲಿ ಮೇಲೆ ಹಸಿರು, ನಡುವೆ ಹಳದಿ, ಕೆಳಗೆ ಚಾಲಕನ ಕಣ್ಣಿನ ಮಟ್ಟಕ್ಕೆ ಹತ್ತಿರವಾಗಿ ಕೆಂಪು, ಜಾಗವೂ ಮಾತಾಡುತ್ತದೆ. ಚಾಲಕನನ್ನು ಪರೀಕ್ಷೆ ಮಾಡಿ ಆರಿಸಬಹುದು, ಲ್ಯಾಬ್‌ಗೆ ಬರುವ ವಿದ್ಯಾರ್ಥಿಗಳನ್ನು ಹಾಗೆ ಆರಿಸಲಾಗದು. ಆದ್ದರಿಂದ ಟರ್ಮಿನಲ್‌ನಲ್ಲಿ ಎರರ್ ಎಂಬ ಪದ ಯಾವತ್ತೂ ಇರಲೇಬೇಕು. ಪದವನ್ನು ತೆಗೆದು ಬರೀ ಕೆಂಪು ಚುಕ್ಕಿ, ಹಸಿರು ಚುಕ್ಕಿ ಇಡುವ ಹೊಸ ಪ್ರೋಗ್ರಾಮುಗಳು ಸೊಗಸಾಗಿ ಕಂಡರೂ ತಪ್ಪು ಮಾಡುತ್ತಿವೆ.

ಹರಿಹರದಿಂದ ಕಲಿಯಬೇಕಾದದ್ದು ಇನ್ನೊಂದಿದೆ. 1941ರಲ್ಲಿ ಅಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ದೇಶದ ಅನೇಕ ವರ್ಕ್‌ಶಾಪ್‌ಗಳನ್ನು ಸೇರಿದವು. ಕಾರ್ಖಾನೆ ಮುಚ್ಚಿದರೂ ಯಂತ್ರಗಳು ಇನ್ನೂ ಓಡುತ್ತಿವೆ. ಯಂತ್ರಗಳ ಲೋಕದಲ್ಲಿ ಕೆಂಪಿಗೆ ಶಿಸ್ತಿದೆ. ಇಂದಿನ ಅಂತರರಾಷ್ಟ್ರೀಯ ನಿಯಮದಂತೆ ತುರ್ತಾಗಿ ನಿಲ್ಲಿಸುವ ಗುಂಡಿ ಅಣಬೆಯಾಕಾರದ್ದು, ಕೆಂಪು, ಅದರ ಹಿಂದೆ ಹಳದಿ ಹಿನ್ನೆಲೆ. ಹತ್ತಾರು ಗುಂಡಿಗಳಿಗೆ ಕೆಂಪು ಬಳಿದರೆ ಗಾಬರಿಯಲ್ಲಿ ಕೈ ಎಲ್ಲಿಗೆ ಹೋಗಬೇಕು?

ಈ ಶಿಸ್ತು ತಪ್ಪಿದರೆ ಏನಾಗುತ್ತದೆಂಬುದಕ್ಕೆ ಘೋರ ಉದಾಹರಣೆ ಬ್ರಿಟನ್ನಿನ ಮಿಲ್‌ಫರ್ಡ್ ಹೇವನ್ ತೈಲ ಶುದ್ಧೀಕರಣಾಗಾರದ್ದು. 1994ರ ಜುಲೈ 24ರಂದು ಅಲ್ಲಿ ಸ್ಫೋಟವಾಗುವ ಮೊದಲಿನ 11 ನಿಮಿಷಗಳಲ್ಲಿ ಇಬ್ಬರು ನಿರ್ವಾಹಕರ ಮುಂದೆ 275 ಅಲಾರಂಗಳು ಬಂದಿದ್ದವು. ಯಾವುದು ಮುಖ್ಯವೆಂದು ಆರಿಸಲು ಮನುಷ್ಯರಿಂದ ಆಗುವಂತಿರಲಿಲ್ಲ. ಟರ್ಮಿನಲ್‌ನ ಅತಿಕೆಂಪಿನಿಂದ ಯಾರೂ ಸಾಯುವುದಿಲ್ಲ, ಆದರೆ ಮನಸ್ಸು ಕೆಲಸ ಮಾಡುವ ಬಗೆ ಅದೇ. ವಿಂಡೋಸ್‌ನ ಹಳೆಯ ಪವರ್‌ಶೆಲ್‌ನಲ್ಲಿ ಒಂದು ಸಣ್ಣ ತಪ್ಪಿಗೂ ಐದಾರು ಸಾಲುಗಳ ಕೆಂಪು ರಾಶಿ ಬೀಳುತ್ತಿತ್ತು. ಬಳಕೆದಾರರು ಅದನ್ನು ಓದದೆ ದಾಟಲು ಕಲಿತರು. 2020ರಲ್ಲಿ ಬಂದ 7ನೇ ಆವೃತ್ತಿ ಅದನ್ನು ಕಿರಿದುಗೊಳಿಸಿ, ದೋಷದ ಜಾಗವನ್ನು ಮಾತ್ರ ಎತ್ತಿ ತೋರಿಸತೊಡಗಿತು.

ಬಣ್ಣ ಬೇಡದ ಕಡೆ ಅದನ್ನು ಬಿಡುವುದೂ ಅಷ್ಟೇ ಮುಖ್ಯ. ವಿದ್ಯಾರ್ಥಿ ಲ್ಯಾಬ್ ರೆಕಾರ್ಡಿಗೆಂದು ಪ್ರೋಗ್ರಾಮಿನ ಉತ್ತರವನ್ನು ಫೈಲ್‌ಗೆ ಉಳಿಸಿ ಮುದ್ರಿಸಿದಾಗ ಪ್ರತಿ ಎರರ್‌ನ ಪಕ್ಕ ಬ್ರಾಕೆಟ್, 31, ಎಂ ಎಂಬ ವಿಚಿತ್ರ ಗುರುತುಗಳು ಅಚ್ಚಾಗಿ ಬರುವುದುಂಟು. ಮರ್ಯಾದಸ್ಥ ಪ್ರೋಗ್ರಾಮು ತನ್ನ ಮಾತು ಪರದೆಗೆ ಹೋಗುತ್ತಿದೆಯೇ, ಫೈಲ್‌ಗೋ ಎಂದು ಮೊದಲು ವಿಚಾರಿಸುತ್ತದೆ. ಅದಕ್ಕೆಂದೇ ಯುನಿಕ್ಸ್‌ನಲ್ಲಿ ಇಸಟಿಟಿವೈ ಎಂಬ ಫಂಕ್ಷನ್ ಇದೆ. ಪದ ಹುಡುಕುವ ಗ್ರೆಪ್, ಫೈಲ್‌ಗಳ ಪಟ್ಟಿ ಕೊಡುವ ಎಲ್‌ಎಸ್, ಗಿಟ್ ಮೊದಲಾದವುಗಳ ಆಟೊ ಎಂಬ ಆಯ್ಕೆಯ ಅರ್ಥ ಇದೇ. ಯಾವಾಗಲೂ ಬಣ್ಣ ಹಾಕು ಎಂದು ಒತ್ತಾಯಿಸಿದರೆ, ಮುಂದಿನ ಪ್ರೋಗ್ರಾಮು ಅದೇ ಪದವನ್ನು ಹುಡುಕುವಾಗ ನಡುವೆ ಕೂತ ಸಂಕೇತಗಳಿಗೆ ಎಡವುತ್ತದೆ. ಬಣ್ಣವೇ ಬೇಡವೆನ್ನುವವರಿಗಾಗಿ 2017ರಲ್ಲಿ ಒಂದು ಒಪ್ಪಂದ ಹುಟ್ಟಿತು: ನೋ ಕಲರ್ ಎಂಬ ಹೆಸರಿನ ವೇರಿಯಬಲ್ ಒಂದನ್ನು ಇಟ್ಟರೆ ಪ್ರೋಗ್ರಾಮುಗಳು ಬಣ್ಣ ಹಾಕಬಾರದು. ಪೈಥಾನ್ 3.13 ಕೂಡ ಇದನ್ನು ಪಾಲಿಸುತ್ತದೆ. ಯಾರ ಹುಕುಂ ಇಲ್ಲದೆಯೂ ನೂರಾರು ಪ್ರೋಗ್ರಾಮರ್‌ಗಳು ಒಪ್ಪಿ ನಡೆದ ಇಂಥ ಒಪ್ಪಂದಗಳು ಸಾಫ್ಟ್‌ವೇರ್ ಲೋಕದ ನಿಜವಾದ ಸೌಜನ್ಯ.

ಕನ್ನಡ ಬಂದ ಕಡೆ ಬಣ್ಣಕ್ಕೆ ಹೊಸದೊಂದು ಪರೀಕ್ಷೆ ಎದುರಾಗುತ್ತದೆ. ಟರ್ಮಿನಲ್ ಚೌಕಗಳ ಲೋಕ, ಒಂದು ಚೌಕಕ್ಕೆ ಒಂದು ಅಕ್ಷರ. ಕನ್ನಡದ ಕ್ಷ ಯುನಿಕೋಡ್‌ನಲ್ಲಿ ಮೂರು ಸಂಕೇತ, ಒಂಬತ್ತು ಬೈಟ್. ಕಣ್ಣಿಗೆ ಒಂದೇ ಅಕ್ಷರ. ಕ್ಷೇತ್ರ ಎಂಬ ಪದದಲ್ಲಿ ಕ ಅಕ್ಷರ ಹುಡುಕಲು ಗ್ರೆಪ್‌ಗೆ ಹೇಳಿದರೆ, ಅದು ಕ ಒಂದಕ್ಕೇ ಕೆಂಪು ಹಚ್ಚಿ, ಒತ್ತಕ್ಷರದ ಹೊಕ್ಕುಳಲ್ಲೇ ಬಣ್ಣದ ಸಂಕೇತ ತೂರಿಸುತ್ತದೆ. ಅಕ್ಷರ ಸೀಳಿ ಅರ್ಕಾವೊತ್ತು, ದೀರ್ಘ, ಒತ್ತುಗಳೆಲ್ಲ ಚುಕ್ಕಿವೃತ್ತಗಳ ಮೇಲೆ ಜೋತಾಡಬಹುದು. ಸಿ ಪ್ರೋಗ್ರಾಮಿನಲ್ಲಿ ಕನ್ನಡ ವಾಕ್ಯ ಮುದ್ರಿಸುವ ಸಾಲಿನಲ್ಲೇ ಎರರ್ ಬಂದರೆ, ಜಿಸಿಸಿಯ ಬಾಣದ ಗುರುತು ತಪ್ಪಿದ ಜಾಗದ ಕೆಳಗೆ ಬೀಳದೆ ಎಲ್ಲೋ ಪಕ್ಕದಲ್ಲಿ ಬೀಳುತ್ತದೆ. 2021ರ 11ನೇ ಆವೃತ್ತಿಯಲ್ಲಿ ಅಂಕಣವನ್ನು ಬೈಟ್‌ಗಳಲ್ಲಿ ಎಣಿಸಬೇಕೋ ಪರದೆಯ ಚೌಕಗಳಲ್ಲೋ ಎಂದು ಆರಿಸಿಕೊಳ್ಳಲು ಅವಕಾಶ ಬಂತು, ಚೀನೀ ಜಪಾನೀ ಲಿಪಿಗಳಿಗೆ ಅದು ಅನುಕೂಲ. ಒತ್ತಕ್ಷರ ಕೂಡಿ ಅಗಲ ಬದಲಾಗುವ ಕನ್ನಡಕ್ಕೆ ಚೌಕದ ಲೆಕ್ಕವೇ ಹೊಂದುವುದಿಲ್ಲ. ಇಲ್ಲಿ ಬಾಣಕ್ಕಿಂತ ತಪ್ಪಿದ ಭಾಗಕ್ಕೇ ಬಣ್ಣ ಹಚ್ಚುವುದು ಹೆಚ್ಚು ನಂಬಲರ್ಹ, ಬಣ್ಣದ ಗಡಿಯನ್ನು ಪೂರ್ಣ ಅಕ್ಷರದ ಅಂಚಿಗೆ ಸರಿಸಿದರೆ. ಕನ್ನಡದ ಪ್ರೋಗ್ರಾಮರ್‌ಗಳು ಕೈಹಚ್ಚಬೇಕಾದ ಕೆಲಸ ಇದು; ಹೊರಗಿನವರಿಗೆ ಈ ನೋವು ಕಾಣುವುದೇ ಇಲ್ಲ.

ಬ್ಯಾಶ್, ಸಿಪಿ, ಎಂವಿ, ಆರ್‌ಎಂ ಇಂಥ ಹಳೆಯ ಕಮಾಂಡ್‌ಗಳು ಇಂದಿಗೂ ಎರರ್‌ಗೆ ಬಣ್ಣ ಹಾಕುವುದಿಲ್ಲ. ಅವುಗಳ ಮಟ್ಟಿಗೆ ಒಳ್ಳೆಯ ದಾರಿ ಪ್ರಾಂಪ್ಟ್, ಅಂದರೆ ಟರ್ಮಿನಲ್ ಮುಂದಿನ ಕಮಾಂಡ್‌ಗಾಗಿ ಕಾಯುವ ಸಾಲು. ಯುನಿಕ್ಸ್‌ನಲ್ಲಿ ಪ್ರತಿ ಕಮಾಂಡ್ ಮುಗಿದಾಗ ಒಂದು ಸಂಖ್ಯೆ ಬಿಟ್ಟು ಹೋಗುತ್ತದೆ: 0 ಆದರೆ ಸುಸೂತ್ರ, ಬೇರೇನಾದರೂ ಆದರೆ ಎಡವಟ್ಟು. ಓಹ್ ಮೈ ಝಡ್‌ಎಸ್‌ಎಚ್ ಎಂಬ ಶೆಲ್ ಸೆಟ್ಟಿಂಗ್‌ಗಳ ಕಟ್ಟಿನ ಮೂಲ ವಿನ್ಯಾಸದಲ್ಲಿ ಹಿಂದಿನ ಕಮಾಂಡ್ ಸೋತರೆ ಪ್ರಾಂಪ್ಟ್‌ನ ಬಾಣ ಹಸಿರಿನಿಂದ ಕೆಂಪಾಗುತ್ತದೆ. ಫಿಶ್ ಎಂಬ ಶೆಲ್ ಇನ್ನೂ ಮುಂದೆ. ಕಮಾಂಡ್ ಟೈಪ್ ಮಾಡುತ್ತಿರುವಾಗಲೇ ಅಂಥದ್ದೊಂದು ಇಲ್ಲದಿದ್ದರೆ ಅಕ್ಷರಗಳು ಕೆಂಪಾಗಿರುತ್ತವೆ. ಬ್ಯಾಶ್‌ನ ಪ್ರಾಂಪ್ಟ್‌ನಲ್ಲಿ ಆ ಸೋಲಿನ ಸಂಖ್ಯೆಯನ್ನೇ ದಪ್ಪ ಕೆಂಪಿನಲ್ಲಿ ತೋರಿಸಿದರೆ ಬಣ್ಣ ಕಾಣದವರಿಗೂ ಅಂಕಿ ಕಾಣುತ್ತದೆ. ಸೆಟ್ಟಿಂಗ್ ಫೈಲ್‌ನಲ್ಲಿ ನಾಲ್ಕೈದು ಸಾಲು ಬರೆದರೆ ಸಾಕು.

ಹಾಗೆಯೇ ಜಿಸಿಸಿಗೆ ಇಂತಿಷ್ಟು ಎರರ್‌ಗಳ ನಂತರ ನಿಲ್ಲು ಎಂದು ಹೇಳುವ ಆಯ್ಕೆಯೂ, ಮೊದಲನೆಯದಕ್ಕೇ ನಿಲ್ಲು ಎನ್ನುವ ಆಯ್ಕೆಯೂ ಇವೆ. ಲ್ಯಾಬ್‌ಗಳಲ್ಲಿ ಅವುಗಳ ಬಳಕೆ ತೀರಾ ಕಡಿಮೆ. ಮೂರು ಎರರ್‌ಗಳ ಮಿತಿ, ಆಟೊ ಬಣ್ಣ, ಹೊಳಪಿನ ಕೆಂಪಿರುವ ಟರ್ಮಿನಲ್ ವಿನ್ಯಾಸ, ಸ್ವಲ್ಪ ದೊಡ್ಡ ಅಕ್ಷರ: ಇಷ್ಟನ್ನು ಸೆಮಿಸ್ಟರ್ ಶುರುವಾಗುವ ಮುನ್ನ ಲ್ಯಾಬ್‌ನ ಎಲ್ಲ ಯಂತ್ರಗಳಿಗೂ ಒಮ್ಮೆಗೇ ಹಾಕಲು ಸಿಸ್ಟಂ ನೋಡಿಕೊಳ್ಳುವವರಿಗೆ ಒಂದು ಮಧ್ಯಾಹ್ನ ಹಿಡಿದೀತು. ಆಗ ಮೊದಲ ಎರರ್ ಪರದೆಯಿಂದ ಮೇಲಕ್ಕೆ ಜಾರುವುದಿಲ್ಲ. ಅದರ ಸಾಲಿನ ಸಂಖ್ಯೆ ದಪ್ಪವಾಗಿ, ಪಕ್ಕದ ಪದ ಕೆಂಪಾಗಿ ಕಣ್ಣೆದುರೇ ಇರುತ್ತದೆ. ಅಲ್ಲಿಂದ ಮುಂದೆ ವಿದ್ಯಾರ್ಥಿಗೆ ಬೇಕಾಗುವುದು ಆ ವಾಕ್ಯವನ್ನು ಕನ್ನಡದಲ್ಲಿ ಬಿಡಿಸಿ ಹೇಳಬಲ್ಲ ಮೇಷ್ಟ್ರು, ಇಲ್ಲವೇ ಪಕ್ಕದ ಸೀಟಿನ ಗೆಳತಿ.